ದಾಕ್ಷಾಯಣಮ್ಮ ಬೇಡವೆಂದ ಇಂಜೆಕ್ಷನ್

ಚಿಗಟೇರಿಯ ಅಂಗನವಾಡಿ ಟೀಚರ್ ದಾಕ್ಷಾಯಣಮ್ಮ ಮತ್ತು ನಾನು ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನನ್ನದು ತೆಲಿಗಿ ಕಡೆಯ ಕೇಂದ್ರ, ಅವಳದು ಸ್ವಂತ ಊರಿನಲ್ಲೇ. ಇಪ್ಪತ್ತಾರು ವರ್ಷದ ಗೆಳತಿಯನ್ನು ‘ಅವರು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ಅವಳು ಎಂದೇ ಬರೆಯುತ್ತೇನೆ. ತಿಂಗಳ ಮೀಟಿಂಗಿನಲ್ಲಿ ಕೊಟ್ಟ ಸುತ್ತೋಲೆಯನ್ನು ನಾವೆಲ್ಲ ಮಡಚಿ ಬ್ಯಾಗಿಗೆ ಹಾಕಿಕೊಂಡರೆ, ಅವಳು ಅಲ್ಲೇ ಕೂತು ಕೊನೆಯ ಸಾಲಿನವರೆಗೆ ಓದುತ್ತಿದ್ದಳು. ಓದಿ ಕೈ ಎತ್ತಿ, “ಮೇಡಂ, ಆರನೇ ಅಂಶ ನಾಕನೇದಕ್ಕ ಕೂಡಿ ಬರಲ್ಲ” ಎನ್ನುತ್ತಿದ್ದಳು. ಹೀಗಾಗಿ ಸೂಪರ್‌ವೈಸರುಗಳಿಗೆ ಅವಳನ್ನು ಕಂಡರೆ ಅಷ್ಟೇನೂ ಆಗುತ್ತಿರಲಿಲ್ಲ.

ಅವಳ ಗಂಡ ಮರುಳಪ್ಪನವರು ಖಾಸಗಿ ಬಸ್ಸಿನ ಡ್ರೈವರು. ಹರಪನಹಳ್ಳಿಯಿಂದ ತೆಲಿಗಿ ಮೇಲೆ ಹರಿಹರಕ್ಕೆ ದಿನಕ್ಕೆ ಎರಡು ಟ್ರಿಪ್. ಇಪ್ಪತ್ತೆರಡು ವರ್ಷ ಒಂದೇ ರೂಟು. 2023ರ ಆಗಸ್ಟಿನಲ್ಲಿ ಒಂದು ಮುಂಜಾನೆ ತೆಲಿಗಿಯಲ್ಲಿ ಜನ ಹತ್ತಿಸಿಕೊಂಡು ಹೊರಟ ಬಸ್ಸನ್ನು ಅವರು ಹರಿಹರದ ರಸ್ತೆಗೆ ತಿರುಗಿಸದೆ ಹೊಲದ ಕಡೆಯ ಸಣ್ಣ ರಸ್ತೆಗೆ ಇಳಿಸಿದರು. ಡೀಸೆಲ್ ಹಾಕಿಸಲು ಹೊರಟಿರಬೇಕು ಎಂದು ಕಂಡಕ್ಟರ್ ಬೀರಲಿಂಗೇಶ್ ಸುಮ್ಮನಿದ್ದ. ಎರಡು ಕಿಲೋಮೀಟರ್ ಹೋದ ಮೇಲೆ ಡಾಂಬರು ಮುಗಿಯಿತು. ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳ. ಬಸ್ಸು ನಿಂತಿತು.

“ಮರುಳಣ್ಣ, ಎಲ್ಲಿಗೆ ಹೊಂಟೀವಿ?” ಎಂದು ಬೀರಲಿಂಗೇಶ್ ಮುಂದೆ ಬಂದು ಕೇಳಿದ.

“ನೀನ ಹೇಳಪಾ, ಎಲ್ಲಿಗೆ ಹೋಗ್ಬೇಕು?”

ತಮಾಷೆ ಎಂದುಕೊಂಡು ಅವನು ನಕ್ಕ. ಮರುಳಪ್ಪನವರು ನಗಲಿಲ್ಲ, ಅವನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾದರು. ಹಿಂದೆ ನಲವತ್ತು ಜನ ಗೊಣಗುತ್ತಿದ್ದರು. ಅವನು ಬಾನೆಟ್ ಮೇಲೆ ಕೂತು, ಹಿಂದಕ್ಕೆ ತಗೊಳ್ಳಿ, ಇಲ್ಲಿ ಎಡಕ್ಕೆ, ಇಲ್ಲಿ ನೇರ ಎಂದು ಹರಿಹರದವರೆಗೆ ದಾರಿ ಹೇಳುತ್ತಾ ಹೋದ. ಗಾಡಿ ಓಡಿಸುವುದರಲ್ಲಿ ಒಂದು ತಪ್ಪೂ ಇರಲಿಲ್ಲ. ದಾರಿ ಮಾತ್ರ ಗೊತ್ತಿರಲಿಲ್ಲ.

ಸಂಜೆ ಬೀರಲಿಂಗೇಶ್ ಚಿಗಟೇರಿಗೆ ಬಂದು ದಾಕ್ಷಾಯಣಮ್ಮನನ್ನು ಬಾಗಿಲ ಹೊರಗೆ ಕರೆದ. “ಅಕ್ಕಾರ, ಮಾಲೀಕರಿಗೆ ಇನ್ನೂ ಹೇಳಿಲ್ಲ ನಾನು. ನಾಳೆಯಿಂದ ಅಣ್ಣನ್ನ ಕಳಿಸಬ್ಯಾಡ್ರಿ. ಇವತ್ತ ಹರಿಹರ ಮುಟ್ಟೋತನಕ ನನ್ನ ಜೀವ ಕೈಯಾಗಿತ್ತು.”

ಅವಳಿಗೆ ಆಶ್ಚರ್ಯವಾಗಲಿಲ್ಲ. ಒಂದು ವರ್ಷದಿಂದ ಸಣ್ಣಸಣ್ಣವು ಅವಳ ಕಣ್ಣಿಗೆ ಬೀಳುತ್ತಿದ್ದವು. ಒಂದೇ ಮದುವೆಗೆ ಎರಡು ಸಲ ಹೋಗಿ ಮುಯ್ಯಿ ಮಾಡಿ ಬಂದಿದ್ದರು. ಮಗಳು ಅಮೃತಾಳನ್ನು ಹಡಗಲಿಗೆ ಕೊಟ್ಟಿದ್ದು ಮರೆತು, ಕಾಲೇಜಿನಿಂದ ಇನ್ನೂ ಯಾಕೆ ಬಂದಿಲ್ಲ ಎಂದು ಕೇಳಿದ್ದರು. ಅವರಿಗೆ ಆಗ ಐವತ್ತೇಳು ವರ್ಷ. ವಯಸ್ಸಿನದು ಎನ್ನುವ ಹಾಗಿರಲಿಲ್ಲ.

ದಾವಣಗೆರೆಯಲ್ಲಿ ತೋರಿಸಿದರು, ಅಲ್ಲಿಂದ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಬೆನ್ನಿನ ನೀರು ತೆಗೆದು ಪರೀಕ್ಷೆ ಮಾಡಿ ಅಲ್ಜೈಮರ್ ಎಂದರು. ಇರುವ ಗುಳಿಗೆಗಳಿಂದ ಸ್ವಲ್ಪ ಅನುಕೂಲ ಆಗಬಹುದು, ಹೆಚ್ಚಿನದೇನೂ ಇಲ್ಲ ಎಂದರು. ಅಲ್ಲಿಯೇ ಇನ್ನೊಂದು ಮಾತು ಬಂತು. ಹೊಸ ಔಷಧವೊಂದರ ಪ್ರಯೋಗ ನಡೆಯುತ್ತಿದೆ, ರೋಗ ಶುರುವಿನ ಹಂತದಲ್ಲಿ ಇರುವವರನ್ನು ಸೇರಿಸಿಕೊಳ್ಳುತ್ತಿದ್ದಾರೆ, ಆಸಕ್ತಿ ಇದ್ದರೆ ಡಾಕ್ಟರ್ ಗವಿಸಿದ್ದೇಶ್ ಅವರನ್ನು ನೋಡಿ ಎಂದರು.

ಗವಿಸಿದ್ದೇಶ್ ಕೊಪ್ಪಳದ ಕಡೆಯವರು. ಇವರ ಮಾತು ಕೇಳಿದ ಕೂಡಲೇ ತಾವೂ ಊರಿನ ಮಾತಿಗೆ ಇಳಿದರು.

“ನೋಡ್ರಿ ಅಮ್ಮಾರ, ಯಜಮಾನ್ರ ಮೆದುಳಿನಾಗ ಒಂದು ಥರದ ಪ್ರೋಟೀನು ಕೂತೈತಿ. ಅದನ್ನ ಕಿತ್ತು ಹಾಕೋ ಔಷಧ ಅದಾವ. ತೊಂದ್ರಿ ಏನಂದ್ರ, ರಕ್ತಕ್ಕ ಹಾಕಿದ ಔಷಧ ಮೆದುಳಿನೊಳಗ ಹೋಗಲ್ಲ. ಅಲ್ಲಿನ ರಕ್ತನಾಳದ ಗೋಡಿ ಭಾಳ ಬಿಗಿ. ಸಾವಿರ ಪಾಲು ಕೊಟ್ಟರ ಒಳಗ ಮುಟ್ಟೋದು ಒಂದೆರಡು ಪಾಲು.”

“ಮತ್ತ ಮೆದುಳಿಗೆ ಊಟ ಹೆಂಗ ಹೋಗ್ತೈತ್ರಿ?” ಎಂದು ದಾಕ್ಷಾಯಣಮ್ಮ ಕೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಅದಕ್ಕ ಅಂತ ಬಾಗಿಲು ಅದಾವ. ಸಕ್ಕರಿಗೆ ಬ್ಯಾರೆ, ಕಬ್ಬಿಣದ ಅಂಶಕ್ಕ ಬ್ಯಾರೆ. ಆಯಾ ಬಾಗಿಲಿನಾಗ ಆಯಾ ವಸ್ತುನ್ನ ಹೊತ್ತು ಒಳಗ ಸಾಗಿಸತಾವ. ಈ ಹೊಸ ಔಷಧಕ್ಕ ಕಬ್ಬಿಣದ ಬಾಗಿಲು ಹಿಡಿಯೋ ಒಂದು ತುಣುಕು ಜೋಡಿಸ್ಯಾರ. ಕಬ್ಬಿಣದ ದಾರಿನಾಗ ಔಷಧಾನೂ ಒಳಗ ಹೋಗ್ಲಿ ಅಂತ.”

ಇಪ್ಪತ್ತಮೂರು ವರ್ಷದಿಂದ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಹಂಚಿದವಳು ಅವಳು. ಯಾರ ರಕ್ತ ಎಷ್ಟಿದೆ ಎಂದು ಕಣ್ಣಿನ ರೆಪ್ಪೆ ಎಳೆದು ನೋಡಿ ಅಂದಾಜು ಹೇಳುತ್ತಿದ್ದಳು. “ಹಂಗಾದ್ರ ಮೈಯಾಗಿನ ರಕ್ತ ಕಡಿಮಿ ಆಗಲ್ಲೇನ್ರಿ?”

“ಆಗಬಹುದು. ರಕ್ತ ಹುಟ್ಟಿಸೋ ಕಣಗಳ ಮ್ಯಾಲೂ ಅದೇ ಬಾಗಿಲು ಇರತಾವ. ಅದಕ್ಕ ತಿಂಗಳಾ ಪರೀಕ್ಷೆ ಮಾಡ್ತೀವಿ.” ಮತ್ತೆ ಪೆನ್ನು ಎತ್ತಿಕೊಂಡು ಹೇಳಿದರು: “ಇಷ್ಟು ದಿನದಾಗ ಇದನ್ನ ಕೇಳಿದವರು ನೀವ ಮೊದಲು.”

ಒಪ್ಪಿಗೆ ಪತ್ರ ಮೂವತ್ತೊಂದು ಪುಟ. ಅರ್ಧ ಜನಕ್ಕೆ ನಿಜವಾದ ಔಷಧ, ಅರ್ಧ ಜನಕ್ಕೆ ಏನೂ ಇಲ್ಲದ ನೀರು. ಯಾರಿಗೆ ಯಾವುದು ಎಂದು ಡಾಕ್ಟರಿಗೂ ತಿಳಿಯುವುದಿಲ್ಲ. ಅದನ್ನು ಅವಳು ಊರಿಗೆ ತಂದು, ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಮೂರು ದಿನ ಓದಿದಳು. ಹದಿನೇಳನೇ ಪುಟದಲ್ಲಿ ಮೆದುಳಿನ ಊತ, ರಕ್ತಸ್ರಾವ ಎಂದಿತ್ತು. ಫೋನ್ ಮಾಡಿ ಕೇಳಿದಳು. ಆ ಪ್ರೋಟೀನು ರಕ್ತನಾಳದ ಗೋಡೆಗೂ ಅಂಟಿಕೊಂಡಿರುತ್ತದೆ, ಕೀಳುವಾಗ ಗೋಡೆ ಸೋರಬಹುದು ಎಂದು ಡಾಕ್ಟರು ಹೇಳಿದರು. ಹೆಚ್ಚಿನವರಿಗೆ ಸ್ಕ್ಯಾನಿನಲ್ಲಿ ಮಾತ್ರ ಕಾಣುತ್ತದೆ, ಕೆಲವರಿಗೆ ಜೀವಕ್ಕೇ ಬರಬಹುದು ಎಂದೂ ಮುಚ್ಚಿಡದೆ ಹೇಳಿದರು.

ಮರುಳಪ್ಪನವರ ತಮ್ಮ ಬಸವೇಶ್ ಊರಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅಣ್ಣನೆಂದರೆ ಅವನಿಗೆ ತಂದೆಯ ಹಾಗೆ. ಅವನು ಖಂಡತುಂಡವಾಗಿ ಬೇಡ ಎಂದ. “ಅಣ್ಣನ ಮ್ಯಾಲೆ ಪ್ರಯೋಗ ಮಾಡಾಕ ಕೊಡ್ತೀರೇನು ಅತ್ತಿಗಿ? ಮರವು ಬಂದ್ರ ಬರ್ಲಿ. ನಾವು ನೋಡ್ಕಂತೀವಿ.”

“ಅವರನ್ನ ಕೇಳು,” ಎಂದಳು ಅವಳು.

ಮರುಳಪ್ಪನವರು ಇಬ್ಬರ ಮುಖವನ್ನೂ ನೋಡಿದರು. “ಆ ಮೆಕ್ಕಿಜೋಳದ ಹೊಲ ನನಗ ಕನಸಿನಾಗ ಬರತೈತಿ,” ಎಂದರು. “ಮಾಡಿಸ್ರಿ.” ತಾವೇ ಸಹಿ ಹಾಕಿದರು. ಮೂರು ಸಲ ಹಾಕಿದ ಸಹಿ ಮೂರು ಥರ ಇತ್ತು.

2024ರ ಮಾರ್ಚಿನಿಂದ ತಿಂಗಳಿಗೊಮ್ಮೆ ಬೆಂಗಳೂರು. ಮೊದಲ ಸಲ ಡ್ರಿಪ್ ಹಾಕಿದಾಗ ಚಳಿ ಬಂದು ಹಲ್ಲು ಕಟಕಟ ಅಂದವು. ಎರಡು ತಾಸಿನಲ್ಲಿ ಇಳಿಯಿತು. ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟರು, ಅಂಗೈಯಷ್ಟು, ಹಳದಿ ಬಣ್ಣದ್ದು. ಈ ವ್ಯಕ್ತಿ ಔಷಧ ಪ್ರಯೋಗದಲ್ಲಿದ್ದಾರೆ, ಪಾರ್ಶ್ವವಾಯುವಿನಂಥ ಲಕ್ಷಣ ಕಂಡರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಮೊದಲು ಕರೆ ಮಾಡಿ ಎಂದು ಅದರಲ್ಲಿ ಬರೆದು, ಎರಡು ನಂಬರು ಕೊಟ್ಟಿದ್ದರು.

ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಅವಳು ಅವರನ್ನು ಅಂಗನವಾಡಿಗೇ ಕರೆದುಕೊಂಡು ಹೋಗತೊಡಗಿದಳು. ಅವರು ಮಕ್ಕಳನ್ನು ಎರಡು ಸಾಲು ಕೂರಿಸಿ, ಮುಂದೆ ತಾವು ಕೂತು ಬಸ್ಸು ಬಿಡುತ್ತಿದ್ದರು. ರಕ್ತದ ಅಂಶ ಹದಿಮೂರು ಇದ್ದದ್ದು ಮೂರನೇ ತಿಂಗಳಿಗೆ ಹತ್ತೂವರೆಗೆ ಇಳಿಯಿತು. ರಿಪೋರ್ಟು ನೋಡಿ ಅವಳು ನನಗೆ ಫೋನ್ ಮಾಡಿದಳು. “ಬರೇ ನೀರು ಹಾಕಿದ್ರ ರಕ್ತ ಯಾಕ ಇಳೀತೈತಿ ಹೇಳು? ಇವರಿಗೆ ಬಿದ್ದಿರೋದು ಖರೇ ಔಷಧಾನ.” ದನಿಯಲ್ಲಿ ಸಂತೋಷವೂ ಇತ್ತು, ಹೆದರಿಕೆಯೂ ಇತ್ತು.

ಜುಲೈ ತಿಂಗಳು, ಐದನೇ ಡ್ರಿಪ್ ಆಗಿ ಹನ್ನೊಂದನೇ ದಿನ. ಅಂಗನವಾಡಿಯಲ್ಲಿ ಮರುಳಪ್ಪನವರು ಮಕ್ಕಳ ತಟ್ಟೆಗೆ ಬೇಯಿಸಿದ ಮೊಟ್ಟೆ ಇಡುತ್ತಿದ್ದರು. ಒಂದು ಮೊಟ್ಟೆ ಕೆಳಗೆ ಬಿತ್ತು. ಇನ್ನೊಂದು ಬಿತ್ತು. ದಾಕ್ಷಾಯಣಮ್ಮ ತಿರುಗಿ ನೋಡಿದಳು. ಬಲಗೈ ಜೋತು ಬಿದ್ದಿತ್ತು. ಬಾಯಿಯ ಒಂದು ಬದಿ ಕೆಳಗೆ ಇಳಿದಿತ್ತು.

“ಏನಾತ್ರೀ?” ಎಂದಳು.

“ರೈಟ್,” ಎಂದರು ಅವರು. “ರೈಟ್. ರೈಟ್.” ಬೇರೆ ಮಾತು ಬರಲಿಲ್ಲ.

ಅವಳು ಮೊದಲು ಗೋಡೆಯ ಗಡಿಯಾರ ನೋಡಿದಳು. ಹತ್ತು ಇಪ್ಪತ್ತು. ಸಹಾಯಕಿ ಮೈಲಮ್ಮನಿಗೆ ಮಕ್ಕಳನ್ನು ಒಪ್ಪಿಸಿ ಬಸವೇಶನಿಗೆ ಫೋನ್ ಮಾಡಿದಳು. ಅವನು ಅಂಗಡಿ ತೆರೆದದ್ದು ತೆರೆದ ಹಾಗೆ ಬಿಟ್ಟು ಕಾರು ತಂದ. ದಾವಣಗೆರೆ ಮುಟ್ಟುವವರೆಗೆ ಹಿಂದಿನ ಸೀಟಿನಿಂದ ಆಗಾಗ ‘ರೈಟ್’ ಎನ್ನುವುದು ಮಾತ್ರ ಕೇಳಿಸುತ್ತಿತ್ತು.

ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದವರು ಡಾಕ್ಟರ್ ಮೇಘಾ, ಮೂವತ್ತರ ಒಳಗಿನ ಹುಡುಗಿ. ಚುರುಕಾಗಿ ಕೆಲಸ ಮಾಡಿದರು. ಹೋದ ಕೂಡಲೇ ಸಿ.ಟಿ. ಸ್ಕ್ಯಾನ್ ಮಾಡಿಸಿ, ಹನ್ನೆರಡು ನಲವತ್ತಕ್ಕೆ ಹೊರಗೆ ಬಂದರು.

“ಸ್ಟ್ರೋಕ್ ಆಗಿದೆ ಅಮ್ಮ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಿಸ್ತಿಲ್ಲ, ಅಂದ್ರೆ ರಕ್ತನಾಳ ಕಟ್ಟಿದೆ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬೇಕು. ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಟ್ರೆ ಮಾತ್ರ ಉಪಯೋಗ. ಎಷ್ಟು ಹೊತ್ತಿಗೆ ಶುರುವಾಯ್ತು?”

“ಹತ್ತು ಇಪ್ಪತ್ತಕ್ಕ.”

“ಹಾಗಿದ್ರೆ ಟೈಮ್ ಇದೆ. ಇಲ್ಲಿ ಸಹಿ ಮಾಡಿ.”

ದಾಕ್ಷಾಯಣಮ್ಮ ಸಹಿ ಮಾಡಲಿಲ್ಲ. ಪರ್ಸಿನಿಂದ ಹಳದಿ ಕಾರ್ಡು ತೆಗೆದು ಕೊಟ್ಟಳು. ಮೇಘಾ ಎರಡೂ ಕಡೆ ತಿರುಗಿಸಿ ಓದಿದರು. “ಔಷಧದ ಹೆಸರೇ ಇಲ್ಲ ಇದರಲ್ಲಿ. ಬರೀ ಕೋಡ್ ನಂಬರ್. ಇವರಿಗೆ ಸಿಕ್ಕಿರೋದು ಔಷಧಾನೋ ಬರೀ ನೀರೋ ಅದಾದ್ರೂ ಗೊತ್ತಾ?”

“ಔಷಧಾನ ಬಿದ್ದೈತ್ರಿ. ಮೂರು ತಿಂಗಳಿಗೆ ರಕ್ತ ಎರಡೂವರಿ ಇಳದೈತಿ. ಇದು ಸ್ಟ್ರೋಕ್ ಅಲ್ಲ, ಔಷಧದಿಂದ ಮೆದುಳು ಬಾತಿರಬಹುದು. ಹಂಗಿದ್ದಾಗ ಈ ಇಂಜೆಕ್ಷನ್ ಕೊಟ್ರ ರಕ್ತ ಸೋರಿ ಜೀವ ಹೋಗಬಹುದಂತ. ಆ ನಂಬರಿಗೆ ಫೋನ್ ಮಾಡ್ರಿ.”

ಮೇಘಾ ಮಾಡಿದರು. ಮೊದಲ ನಂಬರು ರಿಂಗಾಗಿ ಕಟ್ಟಾಯಿತು. ಎರಡನೆಯದು ಬ್ಯುಸಿ. ಇನ್ನೊಮ್ಮೆ ಮಾಡಿದರು. ಮತ್ತೆ ಅದೇ.

“ಇನ್ನೂ ಎಷ್ಟೊತ್ತು ಕಾಯ್ತೀರಿ?” ಎಂದು ಬಸವೇಶ್ ಕೇಳಿದ. “ಡಾಕ್ಟ್ರು ಕೊಡ್ತೀನಿ ಅಂತಾರ. ನೀವು ತಡೀತೀರಿ. ಅವತ್ತು ನಾ ಬ್ಯಾಡ ಅಂದಾಗ ಹಟ ಹಿಡಿದು ಮಾಡಿಸಿದ್ರಿ. ಇವತ್ತ ಬೇಕು ಅಂದಾಗ ಬ್ಯಾಡ ಅಂತೀರಿ.”

ಮೇಘಾ ಅವಳನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ಹೇಳಿದರು: “ಅಮ್ಮ, ನಾನು ನಿಮ್ಮನ್ನ ಹೆದರಿಸ್ತಿಲ್ಲ. ಇದು ನಿಜವಾಗ್ಲೂ ಸ್ಟ್ರೋಕ್ ಆಗಿದ್ರೆ, ನಿಮ್ಮ ಮಾತು ಕೇಳಿ ನಾನು ತಡ ಮಾಡಿದ್ರೆ, ಇವರ ಬಲಗೈ ಮತ್ತೆ ಏಳಲ್ಲ. ಮಾತು ಬರದೇ ಹೋಗಬಹುದು. ಜೀವನ ಪೂರ್ತಿ ಹೀಗೇ ಇರ್ತಾರೆ. ಅದು ನಿಮಗೆ ಗೊತ್ತಿರಬೇಕು.”

“ಎರಡನ್ನೂ ಹೇಳೋ ಪರೀಕ್ಷೆ ಯಾವುದೂ ಇಲ್ಲೇನ್ರಿ?”

“ಎಂ.ಆರ್.ಐ. ಮಾಡಿದ್ರೆ ಗೊತ್ತಾಗುತ್ತೆ. ಆದ್ರೆ ಈಗ ಮೆಷಿನ್ ಒಳಗೆ ಒಬ್ಬ ಪೇಷಂಟ್ ಇದ್ದಾರೆ. ಅವರದು ಮುಗಿದು ಇವರದು ಆಗೋವಷ್ಟರಲ್ಲಿ ಎರಡು ಗಂಟೆ ದಾಟುತ್ತೆ. ಬೇಗ ಕೊಟ್ಟಷ್ಟೂ ಒಳ್ಳೇದು ಈ ಇಂಜೆಕ್ಷನ್.”

ಆ ಹೊತ್ತಿನದನ್ನು ಆಮೇಲೆ ಅವಳು ನನಗೆ ಹೇಳಿದಳು. ಹದಿನೇಳನೇ ಪುಟವನ್ನು ತಾನು ಸರಿಯಾಗಿ ಓದಿದ್ದೇನೋ ಇಲ್ಲವೋ ಎಂಬ ಅನುಮಾನ ಬಂತಂತೆ. ಎಸ್ಸೆಸ್ಸೆಲ್ಸಿ ಓದಿದವಳು ನಾನು, ಎದುರಿಗಿರುವುದು ಡಾಕ್ಟರು, ಎಂದುಕೊಂಡಳಂತೆ. ಆದರೂ ಪೆನ್ನು ತೆಗೆದುಕೊಂಡಳು. ‘ಎಂ.ಆರ್.ಐ. ನೋಡುವವರೆಗೆ ಈ ಇಂಜೆಕ್ಷನ್ ಬೇಡ. ಇದರಿಂದ ಆಗುವ ಒಳ್ಳೆಯದು ಕೆಟ್ಟದ್ದಕ್ಕೆ ನಾನೇ ಜವಾಬ್ದಾರಿ’ ಎಂದು ಬರೆದು, ಸಮಯ ಹನ್ನೆರಡು ಐವತ್ತೈದು ಎಂದು ಹಾಕಿ, ಸಹಿ ಮಾಡಿದಳು.

ಬಸವೇಶ್ ಅದನ್ನು ಓದಿದ. “ಅಣ್ಣಗ ಏನಾರ ಆದ್ರ ಅತ್ತಿಗಿ, ನಾನು ನಿಮ್ಮ ಮಕ ನೋಡಲ್ಲ,” ಎಂದು ಹೇಳಿ ದೂರದ ಕುರ್ಚಿಯಲ್ಲಿ ಹೋಗಿ ಕೂತ.

ಒಂದು ಹತ್ತಕ್ಕೆ ಬೆಂಗಳೂರಿನಿಂದ ಫೋನ್ ಬಂತು. ಡಾಕ್ಟರ್ ಗವಿಸಿದ್ದೇಶ್ ವಾರ್ಡಿನಲ್ಲಿ ರೌಂಡ್ಸಿನಲ್ಲಿದ್ದರಂತೆ. ದಾಕ್ಷಾಯಣಮ್ಮನಿಗೆ ಕೇಳಿಸಿದ್ದು ಮೇಘಾ ಅವರ ಮಾತು ಮಾತ್ರ. “ಹೌದು ಸರ್... ಇಲ್ಲ, ಇನ್ನೂ ಕೊಟ್ಟಿಲ್ಲ... ಅವರ ಹೆಂಡತಿ ಒಪ್ಪಲಿಲ್ಲ... ಸರಿ ಸರ್, ಮೊದಲು ಎಂ.ಆರ್.ಐ.” ಫೋನ್ ಇಟ್ಟು ಅವರು ತಾವೇ ಓಡಿ ಹೋಗಿ ಮೆಷಿನ್ ಖಾಲಿ ಮಾಡಿಸಲು ನಿಂತರು. ಒಂದೂ ಮೂವತ್ತೈದಕ್ಕೆ ಮರುಳಪ್ಪನವರನ್ನು ಒಳಗೆ ಕರೆದೊಯ್ದರು. ಎಡಗೈಯಲ್ಲಿ ಹಿಡಿದಿದ್ದ ಹೆಂಡತಿಯ ಸೆರಗನ್ನು ಅವರು ಬಿಡಲೊಲ್ಲರು. ನರ್ಸು ಬೆರಳು ಒಂದೊಂದೇ ಬಿಡಿಸಿದಳು.

ಬಾಗಿಲ ಮುಂದೆ ಅವಳು ನಿಂತೇ ಇದ್ದಳು. ಒಳಗೆ ಮೆಷಿನ್ ಬಡಿಯುವ ಸದ್ದು. ಎರಡು ಗಂಟೆ ಆಯಿತು. ಎರಡೂ ಐದು. ಎರಡೂ ಐವತ್ತು ದಾಟಿದರೆ ಆ ಇಂಜೆಕ್ಷನ್ ಕೊಟ್ಟೂ ಪ್ರಯೋಜನವಿಲ್ಲ. ಎರಡೂ ಹತ್ತಕ್ಕೆ ಮೇಘಾ ಹೊರಗೆ ಬಂದರು. ಅವಳ ಪಕ್ಕದ ಬೆಂಚಿನ ಮೇಲೆ ಕೂತರು.

“ಎಡಗಡೆ ಊತ ಇದೆ,” ಎಂದರು. “ಅದರೊಳಗೆ ಏಳೆಂಟು ಕಡೆ ರಕ್ತದ ಸಣ್ಣ ಚುಕ್ಕೆ. ಸಿ.ಟಿ.ಯಲ್ಲಿ ಅವು ಕಾಣೋದಿಲ್ಲ. ರಕ್ತನಾಳ ಯಾವುದೂ ಕಟ್ಟಿಲ್ಲ.” ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. “ನಾನು ಇಂಜೆಕ್ಷನ್ ರೆಡಿ ಮಾಡಿಸಿದ್ದೆ ಅಮ್ಮ. ಕೊಟ್ಟಿದ್ರೆ ಆ ಚುಕ್ಕೆ ಎಲ್ಲಾ ಒಡೀತಿದ್ವು. ನನ್ನ ಕೈಯಾರೆ ಆಗ್ತಿತ್ತು.”

ದಾಕ್ಷಾಯಣಮ್ಮ ಆಗ ಕೂತಳು. ಅಳು ಬರಲಿಲ್ಲವಂತೆ, ನೀರಡಿಕೆ ಆಯಿತಂತೆ. ಸ್ವಲ್ಪ ಹೊತ್ತಿಗೆ ಬಸವೇಶ್ ನೀರಿನ ಬಾಟ್ಲಿ ತಂದು ಅವಳ ಪಕ್ಕ ಇಟ್ಟು, ಮುಖ ನೋಡದೆ ಗೋಡೆಗೆ ಒರಗಿ ನಿಂತ.

ಸ್ಟೀರಾಯ್ಡ್ ಕೊಟ್ಟು ಒಂಬತ್ತು ದಿನ ಅಲ್ಲಿಯೇ ಇಟ್ಟುಕೊಂಡರು. ಐದನೇ ದಿನ ಮರುಳಪ್ಪನವರು ‘ನೀರು’ ಎಂದರು. ಮೂರು ವಾರಕ್ಕೆ ಮಾತು ಬಂತು, ಬಲಗೈ ಚಮಚ ಹಿಡಿಯುವಷ್ಟಾಯಿತು. ಆ ಆಸ್ಪತ್ರೆಯಲ್ಲಿ ಈಗ ಸ್ಟ್ರೋಕ್ ಎಂದು ಬಂದವರ ಮನೆಯವರಿಗೆ ಇಂಜೆಕ್ಷನ್‌ಗೆ ಮೊದಲು ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತಾರೆ: ಮರೆವಿನ ರೋಗಕ್ಕೆ ಯಾವುದಾದರೂ ಡ್ರಿಪ್ ಹಾಕಿಸುತ್ತಿದ್ದೀರಾ ಎಂದು. ಅದನ್ನು ಫಾರಂನಲ್ಲಿ ಸೇರಿಸಿದವರು ಮೇಘಾ.

ಅಕ್ಟೋಬರಿನಲ್ಲಿ ಬೆಂಗಳೂರಿಗೆ ಹೋದಾಗ ಊತ ಪೂರ್ತಿ ಇಳಿದಿತ್ತು. ಗವಿಸಿದ್ದೇಶ್ ಸ್ಕ್ಯಾನ್ ತೋರಿಸಿ, “ಔಷಧ ಒಳಗ ಹೋಗಿದ್ದಂತೂ ಖರೇ ಅನಿಸ್ತೈತಿ,” ಎಂದರು. “ನಿಯಮದ ಪ್ರಕಾರ ಕಡಿಮಿ ಪ್ರಮಾಣದಾಗ ಮತ್ತ ಶುರು ಮಾಡಬಹುದು. ಬಿಡಬಹುದು. ಎರಡಕ್ಕೂ ನನ್ನ ಒತ್ತಾಯ ಇಲ್ಲ.”

ಈ ಸಲ ಎಲ್ಲ ತಿರುಗಿ ಕೂತಿತ್ತು. ಮುಂದುವರಿಸೋಣ ಎಂದವನು ಬಸವೇಶ್. ಒಳಗೆ ಹೋಗದ ಔಷಧ ಒಳಗೆ ಹೋಗಿದೆ, ಅರ್ಧಕ್ಕೆ ಬಿಟ್ಟರೆ ಇಷ್ಟು ಪಟ್ಟ ಪಾಡೆಲ್ಲ ದಂಡ ಎಂದ. ದಾಕ್ಷಾಯಣಮ್ಮನಿಗೆ ಬಾಯಿ ಬರಲಿಲ್ಲ. ಬೇಕು ಎಂದರೆ ಇನ್ನೊಮ್ಮೆ ಆ ಬಾಗಿಲ ಮುಂದೆ ನಿಲ್ಲಬೇಕಾದೀತು, ಬೇಡ ಎಂದರೆ ಮರೆವನ್ನು ತಾನೇ ಮನೆಗೆ ಕರೆದ ಹಾಗಾದೀತು.

ಡಾಕ್ಟರು ಇಬ್ಬರನ್ನೂ ಸುಮ್ಮನಿರಿಸಿ ಮರುಳಪ್ಪನವರ ಕಡೆ ಕುರ್ಚಿ ತಿರುಗಿಸಿದರು. “ಯಜಮಾನ್ರ, ನಿಮಗ ಏನಾಗಿತ್ತು ಹೇಳ್ರಿ.”

“ಮಾತು ಹೋಗಿತ್ತು.”

“ಮತ್ತ ಔಷಧ ಹಾಕಿದ್ರ?”

“ಮತ್ತ ಹೋಗಬಹುದು. ಹೋಗದನೂ ಇರಬಹುದು.”

“ಹಾಕದಿದ್ರ?”

“ಮರವು ಜಾಸ್ತಿ ಆಕ್ಕಂತ ಹೋಗತೈತಿ.” ಆಮೇಲೆ ಹೆಂಡತಿಯ ಕಡೆ ನೋಡದೆ ಹೇಳಿದರು: “ದಾವಣಗೆರಿನಾಗ ಏನು ನಡೀತು ಅನ್ನೋದು ನನಗ ಒಂಚೂರೂ ನೆನಪಿಲ್ರಿ. ಬಸವ್ಯ ಹೇಳಿದ. ಈಕಿ ಒಬ್ಬಾಕಿನ ನಿಂತಿದ್ಲಂತ. ಎಲ್ರೂ ಬೈದ್ರಂತ. ನನಗ ಮತ್ತ ಹಂಗಾದ್ರ ನಾ ಮರೆತುಬಿಡ್ತೀನಿ. ಈಕಿ ಮರೆಯಲ್ಲ. ಸಾಕು, ಬ್ಯಾಡ್ರಿ.”

ಬಸವೇಶ್ ಏನೋ ಹೇಳಲು ಹೋದ. ಡಾಕ್ಟರು ಕೈ ಸನ್ನೆ ಮಾಡಿ ತಡೆದು, ಅದೇ ಪ್ರಶ್ನೆಗಳನ್ನು ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದರು. ಉತ್ತರ ಅದೇ ಬಂತು. ಔಷಧ ನಿಲ್ಲಿಸಿದರು. ತಪಾಸಣೆಗೆ ಮಾತ್ರ ಬರುತ್ತಿರಿ ಎಂದರು.

ಇದಾಗಿ ಒಂದೂವರೆ ವರ್ಷವಾಯಿತು. ಕಳೆದ ವರ್ಷದ ಸ್ಕ್ಯಾನಿನಲ್ಲಿ ಆ ಪ್ರೋಟೀನು ಅರ್ಧಕ್ಕಿಂತ ಕಡಿಮೆಯಾಗಿತ್ತು. ಐದೇ ಡ್ರಿಪ್ಪಿಗೆ ಇಷ್ಟು ಹೋಗಿದೆ ಎಂದು ಡಾಕ್ಟರು ಬಹಳ ಹೊತ್ತು ಅದನ್ನೇ ನೋಡಿದರಂತೆ. ಮರುಳಪ್ಪನವರ ಮರೆವು ನಿಂತಿಲ್ಲ, ಆದರೆ ನಾವು ಹೆದರಿದಷ್ಟು ಜೋರಾಗಿಯೂ ಹೋಗುತ್ತಿಲ್ಲ. ಅದು ಔಷಧದಿಂದಲೋ, ರೋಗದ ನಡಿಗೆಯೇ ಹಾಗೋ, ಹೇಳುವವರಿಲ್ಲ. ಸ್ನಾನ, ಊಟ ತಾವೇ ಮಾಡಿಕೊಳ್ಳುತ್ತಾರೆ. ಬಸವೇಶ್ ಬೆಳಿಗ್ಗೆ ಅಂಗಡಿಗೆ ಕರೆದೊಯ್ದು ಮಧ್ಯಾಹ್ನ ಬಿಟ್ಟು ಹೋಗುತ್ತಾನೆ.

ಹೋದ ತಿಂಗಳು ಚಿಗಟೇರಿಗೆ ಹೋಗಿದ್ದೆ. ದಾಕ್ಷಾಯಣಮ್ಮ ಅಡುಗೆ ಮನೆಯಲ್ಲಿ ಸೊಪ್ಪು ಸೋಸುತ್ತಾ ತಲೆ ಎತ್ತದೆ ಕೇಳಿದಳು: “ಅವತ್ತು ಅವರು ಬ್ಯಾಡ ಅಂದಾಗ ನಾ ಸುಮ್ಕಿದ್ನೆಲ್ಲಾ. ಇನ್ನು ಐದು ಹಾಕಿಸಿದ್ರ ಪೂರಾ ಹೋಗ್ತಿತ್ತೇನೋ. ಅವರು ನನ್ನ ಸಲುವಾಗಿ ಬಿಟ್ರು. ನಾ ಹೇಳಬೇಕಿತ್ತೇನು, ನಾ ನಿಂದರ್ತೀನಿ, ಹಾಕಿಸ್ಕಳ್ರಿ ಅಂತ?”

ನಾನು ಅವಳ ಮುಂದಿನ ಸೊಪ್ಪಿನಿಂದ ಒಂದು ಹಿಡಿ ಎಳೆದುಕೊಂಡು ಸೋಸತೊಡಗಿದೆ. ಪಡಸಾಲೆಯಿಂದ ಮರುಳಪ್ಪನವರು, ಒಳಗೆ ಯಾರು ಬಂದಾರ ಎಂದು ಕೇಳಿದರು. ಅವಳು ನನ್ನ ಹೆಸರು ಹೇಳಿದಳು. “ತೆಲಿಗಿಯವರಾ?” ಎಂದರು ಅವರು. ಹೌದು ಎಂದೆ.